ಗಿಡ್ಡ ಮ್ಯಾಗ್ನಮ್, ಉದ್ದ ಮ್ಯಾಗ್ನಮ್: ಎಲ್ಕ್‌ಗೆ ವ್ಯತ್ಯಾಸ ಗೊತ್ತಾಗುತ್ತಾ?

ಅಕ್ಟೋಬರ್ ಬಂತೆಂದರೆ ಅಮೆರಿಕದ ಕೊಲರಾಡೊದಲ್ಲಿ ಆಫೀಸಿಗೆ ಒಂದು ವಾರ ರಜೆ ಹಾಕಿ ಬೆಟ್ಟ ಹತ್ತುವವರು ಬಹಳ ಮಂದಿ. ನಮ್ಮಲ್ಲಿ ದಸರಾ ರಜೆಗೆ ಊರಿಗೆ ಹೊರಟ ಹಾಗೆ. ಅವರು ಹೊರಡುವುದು ಎಲ್ಕ್ ಶಿಕಾರಿಗೆ. ಎಲ್ಕ್ ಅಂದರೆ ಕಾಶ್ಮೀರದ ಹಂಗುಲ್‌ಗೆ ಹತ್ತಿರದ ಸಂಬಂಧಿಯಾದ ದೊಡ್ಡ ಜಿಂಕೆ. ಚೆನ್ನಾಗಿ ಬೆಳೆದ ಗಂಡು 300 ಕೆ.ಜಿ. ದಾಟುತ್ತದೆ. ಉತ್ತರ ಅಮೆರಿಕದಲ್ಲಿ ಅತಿ ಹೆಚ್ಚು ಎಲ್ಕ್‌ಗಳಿರುವುದು ಇದೇ ರಾಜ್ಯದಲ್ಲಿ.

ಡೆನ್ವರ್, ಡಲ್ಲಾಸ್, ಸಿಯಾಟಲ್ ಕಡೆ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ ಕಾಫಿ ಹೊತ್ತಿನಲ್ಲಿ ಸಹೋದ್ಯೋಗಿಗಳ ಈ ವಾದ ಕಿವಿಗೆ ಬಿದ್ದಿರಬಹುದು: ‘ಹಳೇ ವಿನ್ ಮ್ಯಾಗ್ ಒಳ್ಳೇದೋ, ಶಾರ್ಟ್ ಮ್ಯಾಗ್ನಮ್ ಒಳ್ಳೇದೋ?’ ಕ್ರಿಕೆಟ್ ಬ್ಯಾಟಿನ ತೂಕದ ಬಗ್ಗೆ ನಾವು ಗಂಟೆಗಟ್ಟಲೆ ಮಾತಾಡ್ತೀವಲ್ಲ, ಹಾಗೇ ಇದೂ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತಿರುವ ಈ ವಾದಕ್ಕೆ ಇನ್ನೂ ತೆರೆ ಬಿದ್ದಿಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಅದು ಒಳ್ಳೆಯದೇ ಆಯಿತು. ಆದರೆ ಕೆನೆತ್ ಆಂಡರ್ಸನ್ನರ ಅನುಭವಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮೂಲಕ ಕನ್ನಡಕ್ಕೆ ತಂದಾಗಿನಿಂದ ಕೋವಿ, ಈಡು, ತೋಟಾ ಎಂಬ ಮಾತುಗಳು ನಮ್ಮ ಓದಿನ ಭಾಗವಾಗಿವೆ. ಮಲೆನಾಡು, ಕೊಡಗಿನವರಿಗಂತೂ ತೋಟಾಕೋವಿ ಹೊಸದಲ್ಲ. ಹಾಗಾಗಿ ಅಮೆರಿಕದ ಈ ವಾದದ ಒಳಗೆ ಏನಿದೆ ಅಂತ ಒಮ್ಮೆ ಬಿಚ್ಚಿ ನೋಡೋಣ. ಇದರಲ್ಲಿ ದುಡ್ಡಿನ ಪ್ರಶ್ನೆಯಿದೆ, ಕೋವಿ ಹಿಡಿದವರ ಹೆಗಲಿನ ಪ್ರಶ್ನೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪ್ರಾಣಿ ಕ್ಷಣದಲ್ಲಿ ಸಾಯುತ್ತದೋ ಅಥವಾ ಗಾಯಗೊಂಡು ದಿನಗಟ್ಟಲೆ ನರಳುತ್ತದೋ ಎಂಬ ಪ್ರಶ್ನೆಯಿದೆ.

ತೋಟಾದ ಒಳಗೆ ಏನಿರುತ್ತೆ?

ರೈಫಲ್ ತೋಟಾದಲ್ಲಿ ನಾಲ್ಕೇ ಭಾಗ. ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಟ್ರಿಗರ್ ಎಳೆದಾಗ ಪ್ರೈಮರ್ ಕಿಡಿ ಕೊಡುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಆ ಒತ್ತಡ ಗುಂಡನ್ನು ನಳಿಕೆಯಿಂದ ಆಚೆಗೆ ತಳ್ಳುತ್ತದೆ. ಕೊಳವೆಯಲ್ಲಿ ಮದ್ದಿಗೆ ಹೆಚ್ಚು ಜಾಗ ಇದ್ದಷ್ಟೂ ಗುಂಡಿಗೆ ವೇಗ ಹೆಚ್ಚು. ಮ್ಯಾಗ್ನಮ್ ಅಂದರೆ ಇಷ್ಟೇ: ಅದೇ ಅಳತೆಯ ಗುಂಡಿಗೆ ಮಾಮೂಲಿಗಿಂತ ಹೆಚ್ಚು ಮದ್ದು. ಲ್ಯಾಟಿನ್ನಿನಲ್ಲಿ ಈ ಪದಕ್ಕೆ ‘ದೊಡ್ಡದು’ ಎಂದೇ ಅರ್ಥ. ಒಂದೂವರೆ ಲೀಟರಿನ ವೈನ್ ಬಾಟಲಿಗೂ ಇದೇ ಹೆಸರು.

ಇನ್ನೊಂದು ಪದ ಗೊತ್ತಿರಲಿ: ಗ್ರೇನ್. ನಮ್ಮ ಚಿನಿವಾರರು ಗುಲಗಂಜಿ ಲೆಕ್ಕದಲ್ಲಿ ಚಿನ್ನ ತೂಗುತ್ತಿದ್ದ ಹಾಗೆ, ಅಲ್ಲಿ ಗುಂಡು ಮತ್ತು ಮದ್ದನ್ನು ಗ್ರೇನ್‌ನಲ್ಲಿ ತೂಗುತ್ತಾರೆ. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಎಲ್ಕ್ ಶಿಕಾರಿಗೆ ಬಹಳ ಜನ ಬಳಸುವ 180 ಗ್ರೇನ್ ಗುಂಡಿನ ತೂಕ 12 ಗ್ರಾಂಗೂ ಸ್ವಲ್ಪ ಕಡಿಮೆ. ಸುಮಾರು ಮೂರು ಟೀ ಚಮಚ ಸಕ್ಕರೆ ತೂಗಿದಷ್ಟು.

ಉದ್ದನೆಯದು ಯಾಕೆ ಉದ್ದವಾಯ್ತು?

ಈ ಕಥೆ ಶುರುವಾಗುವುದು ಲಂಡನ್ನಿನಲ್ಲಿ. ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಬಂದೂಕು ಕಂಪನಿ 1912ರಲ್ಲಿ .375 ಎಚ್ ಅಂಡ್ ಎಚ್ ಮ್ಯಾಗ್ನಮ್ ತೋಟಾ ಹೊರತಂದಿತು. ಆಫ್ರಿಕಾದಲ್ಲಿ, ಬ್ರಿಟಿಷರ ಇಂಡಿಯಾದಲ್ಲಿ ದೊಡ್ಡ ಪ್ರಾಣಿಗಳ ಶಿಕಾರಿ ಮಾಡುವವರು ಅದರ ಗಿರಾಕಿಗಳು. ಆಗ ಬ್ರಿಟನ್ನಿನಲ್ಲಿ ಬಳಕೆಯಲ್ಲಿದ್ದ ಮದ್ದು ಕಾರ್ಡೈಟ್. ಅದು ಪುಡಿಯಾಗಿರಲಿಲ್ಲ, ಶಾವಿಗೆ ಎಳೆಗಳಂತೆ ಇತ್ತು. ಎಳೆಗಳನ್ನು ಕಟ್ಟು ಮಾಡಿ ಕೊಳವೆಗೆ ತುರುಕಬೇಕು. ಅದಕ್ಕೆ ಉದ್ದನೆಯ, ಮೇಲಕ್ಕೆ ಹೋಗುತ್ತಾ ನಿಧಾನವಾಗಿ ಸಪೂರವಾಗುವ ಕೊಳವೆಯೇ ಹೊಂದುತ್ತಿತ್ತು. ಬಿಸಿಲಿನ ನಾಡಿನಲ್ಲಿ ಮದ್ದಿನ ಒತ್ತಡ ಏರುತ್ತದೆ. ಒಳಗೆ ಜಾಗ ಧಾರಾಳವಾಗಿದ್ದರೆ ಒತ್ತಡ ಮಿತಿಯಲ್ಲಿರುತ್ತಿತ್ತು.

ಇಷ್ಟು ಇಳಿಜಾರಾದ ಕೊಳವೆ ಕೋವಿಯೊಳಗೆ ಸರಿಯಾದ ಆಳದಲ್ಲಿ ನಿಲ್ಲುವುದು ಕಷ್ಟ. ಅದಕ್ಕಾಗಿ ತಳದ ಹತ್ತಿರ ಉಡಿದಾರದ ಹಾಗೆ ಒಂದು ಹಿತ್ತಾಳೆ ಪಟ್ಟಿ ಕೊಟ್ಟರು. ಅದೇ ‘ಬೆಲ್ಟ್’. ಮುಂದೆ ಜನ ಈ ಬೆಲ್ಟ್ ನೋಡಿದರೆ ಮ್ಯಾಗ್ನಮ್ ಎಂದು ಗುರುತಿಸುವಷ್ಟು ಅದು ಹೆಸರಾಯಿತು.

ಎರಡನೇ ಮಹಾಯುದ್ಧದ ನಂತರ ಅಮೆರಿಕನ್ನರಿಗೆ ಮ್ಯಾಗ್ನಮ್ ಗೀಳು ಹತ್ತಿತು. ಆದರೆ .375ರಂಥ ತೋಟಾಕ್ಕೆ ಬಹಳ ಉದ್ದದ, ದುಬಾರಿ ರೈಫಲ್ ಬೇಕು. ಅಲ್ಲಿನ ಮನೆಮನೆಯಲ್ಲಿದ್ದದ್ದು .30-06 ರೈಫಲ್. ಹೆಸರಿನಲ್ಲಿರುವ 06 ಅಂದರೆ 1906, ಅದು ಸೈನ್ಯಕ್ಕೆ ಬಂದ ವರ್ಷ. ಆ ರೈಫಲ್ಲಿನ ಅಳತೆಯಲ್ಲೇ ಮ್ಯಾಗ್ನಮ್ ಕೂರಿಸಲು ವಿನ್‌ಚೆಸ್ಟರ್ ಕಂಪನಿ ಹಾಲೆಂಡ್ ಕೊಳವೆಯನ್ನು ಕತ್ತರಿಸಿ ಗಿಡ್ಡ ಮಾಡಿತು. 1956ರಲ್ಲಿ .458, 1958ರಲ್ಲಿ .338 ಮತ್ತು .264, ಕೊನೆಗೆ 1963ರಲ್ಲಿ .300 ವಿನ್‌ಚೆಸ್ಟರ್ ಮ್ಯಾಗ್ನಮ್ ಬಂದವು. ಜನ ಪ್ರೀತಿಯಿಂದ ‘ವಿನ್ ಮ್ಯಾಗ್’ ಅನ್ನುವುದು ಈ ಕೊನೆಯದಕ್ಕೆ. 1962ರಲ್ಲಿ ರೆಮಿಂಗ್ಟನ್ ಕಂಪನಿಯ 7 ಎಂ.ಎಂ. ಮ್ಯಾಗ್ನಮ್ ಕೂಡ ಬಂದಿತ್ತು.

ಇಲ್ಲೊಂದು ತಮಾಷೆ ನೋಡಿ. ಇವತ್ತು ‘ಉದ್ದನೆಯ, ಹಳೇ ಕಾಲದ ಮ್ಯಾಗ್ನಮ್’ ಎಂದು ಕರೆಯುವ ವಿನ್ ಮ್ಯಾಗ್ ತಾನು ಹುಟ್ಟಿದ ಕಾಲಕ್ಕೆ ಗಿಡ್ಡ ಮ್ಯಾಗ್ನಮ್ಮೇ ಆಗಿತ್ತು!

ಗಿಡ್ಡನೆಯದು ಎಲ್ಲಿಂದ ಬಂತು?

ಅಷ್ಟರಲ್ಲಿ ರೈಫಲ್‌ಗಳೇ ಗಿಡ್ಡವಾಗಿದ್ದವು. 1952ರಲ್ಲಿ ಬಂದ .308 ವಿನ್‌ಚೆಸ್ಟರ್ ತೋಟಾ ಚಿಕ್ಕದು. ಅದಕ್ಕೆ ತಕ್ಕಂತೆ ಬೋಲ್ಟ್ ಮತ್ತು ಅದು ಕೂರುವ ಉಕ್ಕಿನ ಭಾಗವನ್ನೂ ಚಿಕ್ಕದು ಮಾಡಿದರು. ಇದನ್ನು ಶಾರ್ಟ್ ಆ್ಯಕ್ಷನ್ ಅನ್ನುತ್ತಾರೆ. ಈ ಹಗುರ ರೈಫಲ್‌ನಲ್ಲೇ ಮ್ಯಾಗ್ನಮ್ ಶಕ್ತಿ ಸಿಕ್ಕರೆ ಹೇಗೆ?

ದಾರಿ ತೋರಿಸಿದ್ದು ಗುರಿ ಸ್ಪರ್ಧೆಯವರು. 1970ರ ದಶಕದಲ್ಲಿ ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ಎಂಬಿಬ್ಬರು ಗಿಡ್ಡ, ದಪ್ಪ ಕೊಳವೆಯ ಪಿಪಿಸಿ ಎಂಬ ತೋಟಾ ಮಾಡಿ ಸ್ಪರ್ಧೆಗಳಲ್ಲಿ ಗೆದ್ದರು. ಮದ್ದಿನ ರಾಶಿ ಗಿಡ್ಡವಾಗಿ ದಪ್ಪಗಿದ್ದರೆ ಬೆಂಕಿ ಎಲ್ಲಾ ಕಡೆ ಸಮನಾಗಿ ಹರಡುತ್ತದೆ, ಪ್ರತಿ ಈಡೂ ಒಂದೇ ರೀತಿ ಹೋಗುತ್ತದೆ ಎಂಬುದು ಅವರ ತತ್ವ.

ಇದೇ ಯೋಚನೆಯನ್ನು ಶಿಕಾರಿ ತೋಟಾಕ್ಕೆ ತಂದಾಗ ಹುಟ್ಟಿದ್ದು .300 ವಿನ್‌ಚೆಸ್ಟರ್ ಶಾರ್ಟ್ ಮ್ಯಾಗ್ನಮ್. ಇದು 2001ರಲ್ಲಿ ಮಾರುಕಟ್ಟೆಗೆ ಬಂತು. ಹಿಂದೆಯೇ .270, 7 ಎಂ.ಎಂ., 2005ರಲ್ಲಿ .325 ಬಂದವು. ರೆಮಿಂಗ್ಟನ್ ತನ್ನದೇ ಗಿಡ್ಡ ಮ್ಯಾಗ್ನಮ್‌ಗಳನ್ನು ತಂದಿತು. ಈ ವಿನ್ಯಾಸ ತನ್ನದು ಎಂದು ಪೇಟೆಂಟ್ ಪಡೆದಿದ್ದ ಬಂದೂಕು ಬರಹಗಾರರೊಬ್ಬರು ಕೋರ್ಟ್ ಮೆಟ್ಟಿಲು ಹತ್ತಿದರು, ಕೊನೆಗೆ ರಾಜಿಯಾಯಿತು.

ಗಿಡ್ಡ ಮ್ಯಾಗ್ನಮ್‌ಗೆ ಬೆಲ್ಟ್ ಇಲ್ಲ. ಅದರ ಹೆಗಲು ಕಡಿದಾಗಿರುವುದರಿಂದ ಅಲ್ಲೇ ಕೋವಿಯೊಳಗೆ ಸರಿಯಾಗಿ ನಿಲ್ಲುತ್ತದೆ. ಇದರ ವಂಶವೃಕ್ಷ ಹುಡುಕಿದರೆ ಸಿಗುವುದು .404 ಜೆಫ್ರಿ, 20ನೇ ಶತಮಾನದ ಮೊದಲ ದಶಕದ ಬ್ರಿಟಿಷ್ ತೋಟಾ. ಅಂದರೆ ‘ಹೊಸ’ ಮ್ಯಾಗ್ನಮ್‌ನ ಅಜ್ಜ, ‘ಹಳೇ’ ಮ್ಯಾಗ್ನಮ್‌ನ ಅಜ್ಜನಿಗಿಂತ ವಯಸ್ಸಿನಲ್ಲಿ ಹಿರಿಯ.

ಈಗ ಅಂಕಿ ನೋಡೋಣ

ಎರಡರಲ್ಲೂ ಗುಂಡಿನ ದಪ್ಪ ಒಂದೇ, 7.8 ಮಿ.ಮೀ. ಕೊಳವೆ ಮಾತ್ರ ಬೇರೆ. ಹೋಲಿಕೆಗೆ ಹಳೇ .30-06 ಕೂಡ ಜೊತೆಗಿರಲಿ. ಕಾರ್ಖಾನೆಯಲ್ಲಿ ತಯಾರಾದ ಮಾಮೂಲಿ 180 ಗ್ರೇನ್ ತೋಟಾದ ಲೆಕ್ಕ ಹೀಗಿದೆ:

• .30-06: ಕೊಳವೆ 63 ಮಿ.ಮೀ., ಇಡೀ ತೋಟಾ ಸುಮಾರು 85 ಮಿ.ಮೀ., ವೇಗ ಸೆಕೆಂಡಿಗೆ ಸುಮಾರು 823 ಮೀಟರ್

• .300 ವಿನ್ ಮ್ಯಾಗ್: ಕೊಳವೆ 66.5 ಮಿ.ಮೀ., ಇಡೀ ತೋಟಾ ಸುಮಾರು 85 ಮಿ.ಮೀ., ವೇಗ ಸುಮಾರು 902 ಮೀಟರ್

• .300 ಶಾರ್ಟ್ ಮ್ಯಾಗ್ನಮ್: ಕೊಳವೆ 53 ಮಿ.ಮೀ., ಇಡೀ ತೋಟಾ ಸುಮಾರು 73 ಮಿ.ಮೀ., ವೇಗ ಸುಮಾರು 905 ಮೀಟರ್

ಕೊನೆಯ ಎರಡು ಸಾಲು ಇನ್ನೊಮ್ಮೆ ಓದಿ. ವೇಗದ ವ್ಯತ್ಯಾಸ ಮೂರು ಮೀಟರ್. ಒಂದೇ ಡಬ್ಬಿಯಿಂದ ತೆಗೆದ ಎರಡು ತೋಟಾಗಳ ನಡುವೆಯೇ ಇದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಹುದು. ಎರಡರ ಶಕ್ತಿಯೂ ನಳಿಕೆಯ ಬಾಯಲ್ಲಿ ಸುಮಾರು 4,750 ಜೂಲ್. .30-06ರದ್ದು ಸುಮಾರು 3,950.

ಹಾಗಾದರೆ ಗಿಡ್ಡನೆಯದರ ಸಾಧನೆ ಏನು? ಅದೇ ವೇಗವನ್ನು ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ ಮದ್ದಿನಲ್ಲಿ, 12 ಮಿ.ಮೀ. ಗಿಡ್ಡ ತೋಟಾದಲ್ಲಿ ಕೊಡುತ್ತದೆ. ಇದಕ್ಕೆ ಆಕಾರವೊಂದೇ ಕಾರಣ ಎನ್ನಲಾಗದು. ಕೊಳವೆ ಸ್ವಲ್ಪ ಚಿಕ್ಕದಾದರೆ ಮದ್ದಿನ ಉಪಯೋಗ ಯಾವಾಗಲೂ ಸ್ವಲ್ಪ ಹೆಚ್ಚಾಗಿ ಆಗುತ್ತದೆ. ಅನುಮತಿಸಿದ ಒತ್ತಡದ ಮಿತಿಯೂ ಅದಕ್ಕೆ ಒಂದಿಷ್ಟು ಜಾಸ್ತಿ: ವಿನ್ ಮ್ಯಾಗ್‌ಗೆ 64,000 ಪಿಎಸ್‌ಐ, ಶಾರ್ಟ್‌ಗೆ 65,000. ಅಷ್ಟಾದರೂ ಎಂಜಿನಿಯರಿಂಗ್ ದೃಷ್ಟಿಯಿಂದ ಅಚ್ಚುಕಟ್ಟಾದ ಕೆಲಸವೇ.

ಆದರೆ 250 ಮೀಟರ್ ದೂರದಲ್ಲಿ ನಿಂತ ಎಲ್ಕ್‌ಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಒಂದೇ ತೂಕದ ಒಂದೇ ಗುಂಡು, ಒಂದೇ ವೇಗದಲ್ಲಿ ಬಂದು ತಾಗಿದರೆ, ಅದನ್ನು ಕಳಿಸಿದ ಕೊಳವೆ ಉದ್ದವಿತ್ತೋ ಗಿಡ್ಡವಿತ್ತೋ ಎಂಬುದು ಪ್ರಾಣಿಯ ದೇಹದಲ್ಲಿ ಎಲ್ಲೂ ಬರೆದಿರುವುದಿಲ್ಲ. ವ್ಯತ್ಯಾಸ ಇರುವುದೆಲ್ಲ ಕೋವಿಯ ಈಚೆ ಬದಿಯಲ್ಲಿ, ಕೋವಿ ಹಿಡಿದವರ ಕಡೆ.

ಕೈಯಲ್ಲಿ ಹಿಡಿದಾಗ

ಗಿಡ್ಡ ತೋಟಾದ ರೈಫಲ್‌ನಲ್ಲಿ ಬೋಲ್ಟ್ ಎಳೆಯುವ ದೂರ ಸುಮಾರು ಅರ್ಧ ಇಂಚು ಕಡಿಮೆ. ಉಕ್ಕಿನ ಭಾಗ ಚಿಕ್ಕದಾದ್ದರಿಂದ ರೈಫಲ್‌ನ ತೂಕ 100 ಗ್ರಾಂ ಆಸುಪಾಸಿನಲ್ಲಿ ಇಳಿಯುತ್ತದೆ. ಕೇಳಲು ಏನೂ ಅಲ್ಲ ಅನಿಸುತ್ತೆ. ಆದರೆ ಕೊಲರಾಡೊದ ಎಲ್ಕ್ ಕಾಡು ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲೂ ಇದೆ. ನಮ್ಮ ಮುಳ್ಳಯ್ಯನಗಿರಿಗಿಂತ ಒಂದು ಕಿಲೋಮೀಟರ್ ಮೇಲೆ! ಆ ಗಾಳಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಹೊತ್ತು ನಡೆಯುವವರಿಗೆ ಪ್ರತಿ ಗ್ರಾಂ ಕೂಡ ಲೆಕ್ಕವೇ.

ಗಿಡ್ಡನೆಯದಕ್ಕೆ ಒಂದು ತೊಡಕೂ ಉಂಟು. ದಪ್ಪ ಕೊಳವೆ, ಕಡಿದಾದ ಹೆಗಲು, ದೇಹಕ್ಕಿಂತ ಸಪೂರವಾದ ತಳದ ಅಂಚು, ಇವೆಲ್ಲ ಸೇರಿ ತೋಟಾ ಮ್ಯಾಗಜೀನಿನಿಂದ ನಳಿಕೆಗೆ ನುಣುಪಾಗಿ ಜಾರುವುದು ಕೆಲವು ರೈಫಲ್‌ಗಳಲ್ಲಿ ಕಷ್ಟವಾಗುತ್ತದೆ. ಉದ್ದನೆಯ, ಇಳಿಜಾರು ಕೊಳವೆಗಳು ಈ ವಿಷಯದಲ್ಲಿ ಬೆಣ್ಣೆಯಂತೆ ಜಾರುತ್ತವೆ. ಹಾಗಾಗಿ ಅಂಗಡಿಯಲ್ಲಿ ಗಿಡ್ಡ ಮ್ಯಾಗ್ನಮ್ ರೈಫಲ್ ನೋಡುವವರು ಡಮ್ಮಿ ತೋಟಾ ಹಾಕಿಸಿ ಬೋಲ್ಟ್ ಆಡಿಸಿ ನೋಡುವುದು ಜಾಣತನ.

ಹೆಗಲಿಗೆ ಒದೆತ

ಕೋವಿ ಒದೆಯುತ್ತದೆ ಅನ್ನುವುದು ನಮ್ಮ ಊರಿನ ಮಾತು. ಎರಡೂ ಮ್ಯಾಗ್ನಮ್‌ಗಳ ಒದೆತ ಅಷ್ಟೇ ತೂಕದ .30-06 ರೈಫಲ್‌ಗಿಂತ ಕಾಲುಭಾಗಕ್ಕೂ ಹೆಚ್ಚು ಜೋರು. ಗಿಡ್ಡನೆಯದರಲ್ಲಿ ಮದ್ದು ಕಡಿಮೆಯಾದ್ದರಿಂದ ಒದೆತವೂ ಒಂದಿಷ್ಟು ಕಡಿಮೆ ಇರಬೇಕು. ಆದರೆ ರೈಫಲ್ ಹಗುರವಾದಷ್ಟೂ ಒದೆತ ಹೆಚ್ಚುತ್ತದೆ. ಹಾಗಾಗಿ ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ ಆಗುತ್ತದೆ.

ಒದೆತದ ನಿಜವಾದ ತೊಂದರೆ ಹೆಗಲ ನೋವಲ್ಲ. ಹತ್ತು ಈಡು ಹೊಡೆದ ಮೇಲೆ ದೇಹ ಹೆದರಲು ಕಲಿಯುತ್ತದೆ. ಟ್ರಿಗರ್ ಎಳೆಯುವ ಕ್ಷಣದಲ್ಲಿ ಕಣ್ಣು ತಾನಾಗಿ ಮುಚ್ಚುತ್ತದೆ, ಹೆಗಲು ಬಿಗಿಯಾಗುತ್ತದೆ, ನಳಿಕೆ ಒಂದು ಕೂದಲಷ್ಟು ಸರಿಯುತ್ತದೆ. ಇಲ್ಲಿ ಒಂದು ಕೂದಲು, ಅಲ್ಲಿ 250 ಮೀಟರ್ ದೂರದಲ್ಲಿ ಒಂದು ಗೇಣು. ಎಲ್ಕ್‌ನ ಹೃದಯ, ಶ್ವಾಸಕೋಶ ಇರುವ ಜಾಗ ದೊಡ್ಡ ಊಟದ ತಟ್ಟೆಯಷ್ಟು. ಗುಂಡು ಅಲ್ಲಿ ಬಿದ್ದರೆ ಪ್ರಾಣಿ ಕೆಲವೇ ಕ್ಷಣಗಳಲ್ಲಿ ಬೀಳುತ್ತದೆ. ಒಂದು ಗೇಣು ಹಿಂದಕ್ಕೆ, ಹೊಟ್ಟೆಗೆ ಬಿದ್ದರೆ ಅದು ಓಡುತ್ತದೆ. ಪೊದೆ, ಕಣಿವೆ, ಕತ್ತಲೆ. ಮಾರನೆಯ ದಿನ ಸಿಗಬಹುದು, ಸಿಗದೇ ಹೋಗಬಹುದು. ಆ ಪ್ರಾಣಿ ಪಡುವ ಪಾಡನ್ನು ಯಾವ ಮ್ಯಾಗ್ನಮ್ಮೂ ತುಂಬಿಕೊಡಲಾರದು.

ಅದಕ್ಕೇ ಅಲ್ಲಿನ ಕಾನೂನು ತೋಟಾದ ಹೆಸರನ್ನು ಕೇಳುವುದಿಲ್ಲ. ಕೊಲರಾಡೊದಲ್ಲಿ ಎಲ್ಕ್‌ಗೆ ಗುಂಡು ಕನಿಷ್ಠ 85 ಗ್ರೇನ್ ತೂಗಬೇಕು, 100 ಗಜದಲ್ಲಿ ಕನಿಷ್ಠ 1,000 ಫುಟ್-ಪೌಂಡ್, ಅಂದರೆ ಸುಮಾರು 1,350 ಜೂಲ್ ಶಕ್ತಿ ಉಳಿದಿರಬೇಕು. ಎರಡೂ ಮ್ಯಾಗ್ನಮ್‌ಗಳು ಇದರ ಮೂರು ಪಟ್ಟು ಮುಟ್ಟುತ್ತವೆ. ಹಳೇ .30-06 ಕೂಡ ಎರಡು ಪಟ್ಟು ಆರಾಮಾಗಿ ದಾಟುತ್ತದೆ. ಗಾಯಗೊಂಡ ಪ್ರಾಣಿಯನ್ನು ಹುಡುಕಲು ಪ್ರಯತ್ನ ಮಾಡಲೇಬೇಕು, ತಿನ್ನಲು ಬರುವ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವಂತಿಲ್ಲ ಎಂದೂ ನಿಯಮವಿದೆ.

ತಾಮ್ರದ ಗುಂಡು ಬಂದ ಮೇಲೆ

ಈ ಹೋಲಿಕೆಯಲ್ಲಿ ಉದ್ದನೆಯದು ಸ್ಪಷ್ಟವಾಗಿ ಮುಂದಿರುವ ಒಂದು ಜಾಗ ಇದೆ: ಭಾರವಾದ, ಉದ್ದನೆಯ ಗುಂಡುಗಳು. ಗಿಡ್ಡ ಮ್ಯಾಗ್ನಮ್ ತೋಟಾದ ಒಟ್ಟು ಉದ್ದ ಮೊದಲೇ ನಿಗದಿಯಾಗಿದೆ. 200 ಗ್ರೇನ್ ಅಥವಾ ಅದಕ್ಕೂ ಭಾರದ ಗುಂಡು ಹಾಕಿದರೆ ಅದರ ಬಾಲ ಕೊಳವೆಯೊಳಗೆ ಇಳಿದು ಮದ್ದಿನ ಜಾಗ ತಿನ್ನುತ್ತದೆ. ಟಿಫಿನ್ ಡಬ್ಬಿಯೊಳಗೆ ದೊಡ್ಡ ಸೌಟು ಇಟ್ಟು ಮುಚ್ಚಳ ಹಾಕಿದ ಹಾಗೆ. ವಿನ್ ಮ್ಯಾಗ್‌ನಲ್ಲಿ ಒಳಗಿನ ಜಾಗವೇ ಹೆಚ್ಚು, ಹಾಗಾಗಿ ಭಾರದ ಗುಂಡಿಗೆ ಅದು ಹೆಚ್ಚು ವೇಗ ಕೊಡುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಇದು ಇನ್ನೂ ಮುಖ್ಯ. ಸೀಸದ ಗುಂಡಿನ ಚೂರು ಉಳಿದ ಕಳೇಬರ ತಿಂದು ಕಾಂಡೋರ್ ಎಂಬ ಅಪರೂಪದ ರಣಹದ್ದುಗಳು ವಿಷವೇರಿ ಸಾಯುತ್ತಿದ್ದವು. ಅದಕ್ಕಾಗಿ 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಶಿಕಾರಿಗೆ ಸೀಸದ ಗುಂಡು ಪೂರ್ತಿ ನಿಷೇಧ. ಬದಲಿಗೆ ಬಂದದ್ದು ತಾಮ್ರದ ಗುಂಡು. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಅಷ್ಟೇ ತೂಕ ಬೇಕೆಂದರೆ ಗುಂಡು ಉದ್ದವಾಗಬೇಕು. ಉದ್ದವಾದರೆ ಮತ್ತೆ ಗಿಡ್ಡ ಕೊಳವೆಯಲ್ಲಿ ಜಾಗದ ಜಗಳ. ಇದಕ್ಕೆ ಪರಿಹಾರವೂ ಸರಳ: ತಾಮ್ರದ ಗುಂಡು ಒಡೆದು ಚೂರಾಗದೆ ತೂಕ ಉಳಿಸಿಕೊಂಡು ಆಳಕ್ಕೆ ಹೋಗುತ್ತದೆ. ಆದ್ದರಿಂದ 180ರ ಬದಲು 150 ಅಥವಾ 165 ಗ್ರೇನ್ ತೆಗೆದುಕೊಂಡರೂ ನಡೆಯುತ್ತದೆ.

ಅಂಗಡಿಯ ಶೆಲ್ಫ್ ಹೇಳುವ ಸತ್ಯ

ಹೊಸ ಫೋನ್ ಕೊಂಡು ಎರಡು ವರ್ಷಕ್ಕೆ ಅದರ ಚಾರ್ಜರ್ ಸಿಗದೇ ಹೋದರೆ ಹೇಗಿರುತ್ತೆ? ತೋಟಾ ಲೋಕದಲ್ಲಿ ಇದು ನಡೆದಿದೆ. ಗಿಡ್ಡ ಮ್ಯಾಗ್ನಮ್ ಯಶಸ್ಸು ನೋಡಿ ವಿನ್‌ಚೆಸ್ಟರ್ 2003ರಿಂದ ‘ಸೂಪರ್ ಶಾರ್ಟ್ ಮ್ಯಾಗ್ನಮ್’ ಎಂಬ ಇನ್ನೂ ಕುಳ್ಳನೆಯ ಸರಣಿ ತಂದಿತು. ಅದು ನೆಲೆ ನಿಲ್ಲಲಿಲ್ಲ. ರೆಮಿಂಗ್ಟನ್‌ನ ಗಿಡ್ಡ ಮ್ಯಾಗ್ನಮ್‌ಗಳೂ ಮನೆಯಲ್ಲಿ ಕೈಯಾರೆ ತೋಟಾ ತುಂಬಿಕೊಳ್ಳುವ ಹವ್ಯಾಸಿಗಳ ಲೋಕಕ್ಕೆ ಸರಿದವು. ವಿನ್‌ಚೆಸ್ಟರ್ ಗಿಡ್ಡ ಕುಟುಂಬದಲ್ಲಿ ಗಟ್ಟಿಯಾಗಿ ಉಳಿದವು .300 ಮತ್ತು .270.

ಅತ್ತ ವಿನ್ ಮ್ಯಾಗ್ ಅರವತ್ತು ವರ್ಷ ದಾಟಿಯೂ ಗಟ್ಟಿಯಾಗಿದೆ. ಅಮೆರಿಕದ ಸೈನ್ಯ ತನ್ನ ಎಂ2010 ಸ್ನೈಪರ್ ರೈಫಲ್‌ಗೆ ಇದೇ ತೋಟಾ ಆರಿಸಿಕೊಂಡದ್ದು ಅದರ ಆಯಸ್ಸನ್ನು ಇನ್ನೂ ಹೆಚ್ಚಿಸಿತು. ಬೆಟ್ಟದ ತಪ್ಪಲಿನ ಪುಟ್ಟ ಊರಿನ ಅಂಗಡಿಯಲ್ಲೂ ಅದರ ಡಬ್ಬಿ ಸಿಗುವ ಸಂಭವ ಹೆಚ್ಚು. ಕೋವಿಡ್ ಕಾಲದಲ್ಲಿ, 2020-21ರಲ್ಲಿ, ಅಮೆರಿಕದಲ್ಲಿ ತೋಟಾಗಳಿಗೆ ಬರ ಬಂದಾಗ ಅಪರೂಪದ ತೋಟಾ ಬಳಸುವವರು ಒದ್ದಾಡಿಬಿಟ್ಟರು. ವಿಮಾನದಲ್ಲಿ ಬಂದ ಲಗೇಜ್ ತಪ್ಪಿಹೋಗಿ ತೋಟಾ ಇಲ್ಲದೆ ನಿಂತವರಿಗೂ ಈ ಮಾತಿನ ಬೆಲೆ ಗೊತ್ತು.

ಬೆಲೆಯೂ ಸಣ್ಣದಲ್ಲ. ಮ್ಯಾಗ್ನಮ್ ತೋಟಾ ಒಂದೊಂದಕ್ಕೆ ಎರಡರಿಂದ ನಾಲ್ಕು ಡಾಲರ್. ಅಭ್ಯಾಸಕ್ಕೆ ಐವತ್ತು ಈಡು ಹೊಡೆದರೆ ಒಂದು ಒಳ್ಳೆಯ ಜೊತೆ ಶೂ ದುಡ್ಡು ಹೋಯ್ತು. ದುಬಾರಿಯಾದರೆ ಅಭ್ಯಾಸ ಕಡಿಮೆಯಾಗುತ್ತದೆ. ಅಭ್ಯಾಸ ಕಡಿಮೆಯಾದರೆ ಏನಾಗುತ್ತದೆ ಅಂತ ಮೇಲೆ ನೋಡಿದೆವಲ್ಲ.

ಈಚೆಗೆ ಮೂರನೇ ಪೀಳಿಗೆಯೂ ಬಂದಿದೆ. 2018ರ ಸುಮಾರಿಗೆ ಹಾರ್ನಡಿ ಕಂಪನಿಯ 6.5 ಪಿಆರ್‌ಸಿ, 2021ರಲ್ಲಿ ವಿನ್‌ಚೆಸ್ಟರ್ ಮತ್ತು ಬ್ರೌನಿಂಗ್ ತಂದ 6.8 ವೆಸ್ಟರ್ನ್, 2022ರಲ್ಲಿ 7 ಎಂ.ಎಂ. ಪಿಆರ್‌ಸಿ. ಯಾವುದಕ್ಕೂ ಬೆಲ್ಟ್ ಇಲ್ಲ. ಎಲ್ಲವೂ ಉದ್ದನೆಯ ಗುಂಡಿಗೆ ಜಾಗ ಬಿಟ್ಟೇ ಮಾಡಿದವು. ಅಂದರೆ ಗಿಡ್ಡ ಮ್ಯಾಗ್ನಮ್ ಕಲಿಸಿದ ಪಾಠವನ್ನೂ, ಅದರ ಕೊರತೆಯನ್ನೂ ಹೊಸಬರು ನೋಡಿಕೊಂಡಿದ್ದಾರೆ.

ಆಂಡರ್ಸನ್ನರ ಕೈಯಲ್ಲಿದ್ದದ್ದು

ಬೆಂಗಳೂರಿನ ಕೆನೆತ್ ಆಂಡರ್ಸನ್ನರು ನೆಚ್ಚಿಕೊಂಡಿದ್ದ ರೈಫಲ್ .405 ವಿನ್‌ಚೆಸ್ಟರ್. ಆ ತೋಟಾ 1904ರದ್ದು. 300 ಗ್ರೇನ್ ಗುಂಡು, ವೇಗ ಸೆಕೆಂಡಿಗೆ ಸುಮಾರು 670 ಮೀಟರ್. ಇವತ್ತಿನ ಲೆಕ್ಕದಲ್ಲಿ ನಿಧಾನದ್ದೇ, ಮ್ಯಾಗ್ನಮ್ ಹಣೆಪಟ್ಟಿಯೂ ಇಲ್ಲ. ಆದರೆ ಅವರು ನರಭಕ್ಷಕಗಳನ್ನು ಎದುರಿಸಿದ್ದು ಬಹುಪಾಲು ಕೆಲವೇ ಹತ್ತು ಗಜಗಳ ದೂರದಲ್ಲಿ. ಆ ದೂರಕ್ಕೆ, ಆ ಕೆಲಸಕ್ಕೆ ಅದು ಧಾರಾಳವಾಗಿ ಸಾಕಾಗಿತ್ತು. ತನ್ನ ರೈಫಲ್ ಎಲ್ಲಿಗೆ ಎಷ್ಟು ಹೊಡೆಯುತ್ತದೆ ಎಂದು ಕೈಗೇ ಗೊತ್ತಿದ್ದವರು ಅವರು. ರಾಕಿ ಬೆಟ್ಟಗಳಲ್ಲಿ ಕಣಿವೆಯಾಚೆಗಿನ ಎಲ್ಕ್ ದೂರದ್ದು, ಅಲ್ಲಿ ವೇಗಕ್ಕೆ ಅರ್ಥವಿದೆ. ಆದರೂ 300 ಗಜದಲ್ಲಿ .30-06 ಗುಂಡು ಮ್ಯಾಗ್ನಮ್‌ಗಿಂತ ಕೆಳಗೆ ಬೀಳುವುದು ಒಂದೆರಡು ಇಂಚು ಅಷ್ಟೇ.

ಎಚ್-1ಬಿ ಮೇಲಿರುವವರು ಇದನ್ನು ಓದಲೇಬೇಕು

ಸಹೋದ್ಯೋಗಿ ‘ವೀಕೆಂಡ್ ಬಾ, ನನ್ನ ರೈಫಲ್ ಕೊಡ್ತೀನಿ’ ಅಂದರೆ ಹೂಂ ಅನ್ನುವ ಮೊದಲು ಯೋಚಿಸಿ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿ, ಎಫ್-1ನಂಥ ವಲಸೆಯೇತರ ವೀಸಾದಲ್ಲಿರುವವರು ಸಾಮಾನ್ಯವಾಗಿ ಬಂದೂಕಾಗಲಿ, ಒಂದೇ ಒಂದು ತೋಟಾ ಆಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ. ಅದರಲ್ಲಿ ಮುಖ್ಯವಾದದ್ದು ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್. ಇದು ತಪ್ಪಿದರೆ ಕ್ರಿಮಿನಲ್ ಕೇಸು, ವೀಸಾಕ್ಕೂ ಕುತ್ತು. ವಲಸೆ ವಕೀಲರನ್ನು ಕೇಳದೆ ಮುಂದುವರಿಯಬೇಡಿ.

ಲೈಸೆನ್ಸ್‌ಗೂ ಮೊದಲು ಪಾಠ ಇದೆ. ಕೊಲರಾಡೊದಲ್ಲಿ 1949ರ ಜನವರಿ 1ರಂದು ಅಥವಾ ನಂತರ ಹುಟ್ಟಿದವರೆಲ್ಲರೂ ಹಂಟರ್ ಎಜುಕೇಶನ್ ಕೋರ್ಸ್ ಪಾಸಾಗಿರಬೇಕು. ರೈಫಲ್ ಶಿಕಾರಿಗೆ ಹೋಗುವಾಗ ದೂರದಿಂದಲೇ ಕಾಣುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಉಡುಪು ಕಡ್ಡಾಯ. ರೈಫಲ್, ತೋಟಾ ಮಾರಾಟದ ಮೇಲೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಡಿ ಶೇ 11ರಷ್ಟು ತೆರಿಗೆ ಬೀಳುತ್ತದೆ, ಆ ಹಣ ವನ್ಯಜೀವಿ ಸಂರಕ್ಷಣೆಗೆ ರಾಜ್ಯಗಳಿಗೆ ಹೋಗುತ್ತದೆ. ಶಿಕಾರಿಯನ್ನು ಒಪ್ಪದವರೂ ತಿಳಿದಿರಬೇಕಾದ ವಿಷಯ ಇದು.

ಹಾಗಾದ್ರೆ ಯಾವುದು?

ಅಲ್ಲಿ ಕಾನೂನಿನ ಪ್ರಕಾರ ಶಿಕಾರಿಗೆ ಹೋಗುವವರಿಗೆ ಲೆಕ್ಕ ಹೀಗೆ. ಬೆಟ್ಟದಲ್ಲಿ ಬಹಳ ನಡೆಯುತ್ತೀರಿ, ಹಗುರ ರೈಫಲ್ ಬೇಕು, 150ರಿಂದ 180 ಗ್ರೇನ್ ಗುಂಡು ಸಾಕು ಅಂದರೆ .300 ಶಾರ್ಟ್ ಮ್ಯಾಗ್ನಮ್ ಚೆನ್ನಾಗಿ ಹೊಂದುತ್ತದೆ. ಊರೂರಲ್ಲೂ ತೋಟಾ ಸಿಗಬೇಕು, ಭಾರದ ಗುಂಡು ಬಳಸುತ್ತೀರಿ, 100 ಗ್ರಾಂ ಹೆಚ್ಚಾದರೂ ಪರವಾಗಿಲ್ಲ ಅಂದರೆ ವಿನ್ ಮ್ಯಾಗ್. ಮನೆಯಲ್ಲಿ ಆಗಲೇ ಒಂದು ಇದ್ದರೆ ಇನ್ನೊಂದಕ್ಕಾಗಿ ಮಾರುವ ಅಗತ್ಯ ಖಂಡಿತ ಇಲ್ಲ. ಮೊದಲ ಬಾರಿ ಕೋವಿ ಹಿಡಿಯುವವರಿಗಂತೂ ಎರಡೂ ಬೇಡ. .308 ಅಥವಾ .30-06 ಸಾಕು. ಉಳಿದ ದುಡ್ಡಿನಲ್ಲಿ ಒಂದಿಷ್ಟು ಹೆಚ್ಚು ತೋಟಾ ಕೊಂಡು, ಬೇಸಿಗೆಯಿಡೀ ರೇಂಜ್‌ನಲ್ಲಿ ಮಲಗಿ, ಕೂತು, ಮೊಣಕಾಲೂರಿ ಅಭ್ಯಾಸ ಮಾಡಲಿ.

ನೂರು ವರ್ಷದ ಈ ಕಥೆಯಲ್ಲಿ ತೋಟಾಗಳನ್ನು ಉದ್ದ ಗಿಡ್ಡ ಮಾಡಿದ್ದು ಶಾವಿಗೆಯಂಥ ಮದ್ದು, ಕಾರ್ಖಾನೆಯ ಅಚ್ಚು, ಮಾರುಕಟ್ಟೆಯ ಲೆಕ್ಕ. ಎಲ್ಕ್ ಅಷ್ಟೂ ವರ್ಷ ಅದೇ ಎಲ್ಕ್ ಆಗಿಯೇ ಉಳಿದಿದೆ. ಅದಕ್ಕೆ ನೋವಿಲ್ಲದ ಸಾವು ಕೊಡಬೇಕಾದರೆ ಬೇಕಾದದ್ದೂ ಬದಲಾಗಿಲ್ಲ: ಅದುರದ ಕೈ, ಸಂಶಯವಿದ್ದರೆ ಟ್ರಿಗರ್ ಮೇಲಿಂದ ಬೆರಳು ತೆಗೆಯುವ ಸಂಯಮ. ಅವೆರಡನ್ನೂ ಯಾವ ಕಂಪನಿಯೂ ಇಪ್ಪತ್ತರ ಡಬ್ಬಿಯಲ್ಲಿ ಹಾಕಿ ಮಾರುವುದಿಲ್ಲ.